ಬೋರ್ಡ್ ಇರಲಿ ಎಂದವಳು ನಾನೇ

ಕಾಡುಗೋಡಿಯ ಲಕ್ಷ್ಮಕ್ಕನ ಮೆಸ್ ಮುಚ್ಚಿದ್ದು ನನ್ನಿಂದ. ಸಿನಿಮಾ ಡೈರೆಕ್ಟರಿಂದಲ್ಲ, ಹೀರೋನಿಂದಲೂ ಅಲ್ಲ — ನನ್ನಿಂದ. ಇಷ್ಟು ವರ್ಷ ಬೇರೆಯವರ ಕಡೆ ಕೈ ತೋರಿಸುತ್ತಾ ಬಂದೆ.

ನಾನು ಜಾಹೀರಾತು ಬರೆದು ಬದುಕಿದವಳು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್, ಅಮ್ಮನಿಂದ ಬಂದ ಕನ್ನಡ — ಎರಡನ್ನೂ ಬೆರೆಸಿ ಏನನ್ನು ಬೇಕಾದರೂ ಮಾರಬಲ್ಲೆ ಎಂಬ ಹೆಮ್ಮೆ ನನಗಿತ್ತು. ಸುಳ್ಳೇಕೆ, ಈಗಲೂ ಇದೆ. ರಿಟೈರ್ ಆದ ಮೇಲೆ ಒಂದು ಕಾಮಿಡಿ ಸಿನಿಮಾದವರು ಕರೆದರು. ವೈಟ್‌ಫೀಲ್ಡಿನ ಆಫೀಸೊಂದರ ಕಥೆ — ಸಿಡುಕು ಬಾಸ್, ಅಪ್ರೈಸಲ್, ಲಿಫ್ಟಿನಲ್ಲಿ ಹುಟ್ಟುವ ಪ್ರೀತಿ. ಹಣ ಹಾಕಿದ್ದು, ಬಿಸಿನೀರು ಸುರಿದರೆ ಸಾಕು ಎನ್ನುವ ಇನ್‌ಸ್ಟಂಟ್ ಉಪ್ಪಿಟ್ಟಿನ ಕಂಪನಿ. ಅವರ ಉಪ್ಪಿಟ್ಟನ್ನು ಜಾಹೀರಾತು ಅನ್ನಿಸದ ಹಾಗೆ ಕಥೆಯೊಳಗೆ ಸೇರಿಸುವುದು ನನ್ನ ಕೆಲಸ.

ಹೀರೋ ಕೈಗೆ ಡಬ್ಬಿ ಕೊಟ್ಟು ಹೊಗಳಿಸುವುದು ನನಗೆ ಆಗದು. ಸೋ ವಲ್ಗರ್! ನಾನು ಬರೆದದ್ದು ಇಷ್ಟೇ — ಹೀರೋ ರಸ್ತೆಬದಿಯ ಮೆಸ್ಸಿನಲ್ಲಿ ಮುದ್ದೆ ಉಣ್ಣುತ್ತಾನೆ. ಕಟ್. ಕ್ಲೈಂಟ್ ಮೀಟಿಂಗಿನ ನಡುವೆ ಹೊಟ್ಟೆ ಹಿಡಿದುಕೊಂಡು ಟಾಯ್ಲೆಟ್ಟಿಗೆ ಓಡುತ್ತಾನೆ. ಕಟ್. ಮರುದಿನ ಅವನ ಮೇಜಿನ ಮೇಲೆ ಆ ಉಪ್ಪಿಟ್ಟು, ಆವಿ, ಪ್ರಮೋಷನ್. ಒಂದು ಮಾತೂ ಇಲ್ಲ. ಕಂಪನಿಯವರು ಚಪ್ಪಾಳೆ ತಟ್ಟಿದರು.

ಮೆಸ್ಸಿಗೆ ಸೆಟ್ ಹಾಕಲಿಲ್ಲ. ಲಕ್ಷ್ಮಕ್ಕನನ್ನು ನಾನೇ ಒಪ್ಪಿಸಿದೆ. ಹೀರೋ ನಿಮ್ಮಲ್ಲಿ ಊಟ ಮಾಡುತ್ತಾರೆ ಎಂದಷ್ಟೇ ಹೇಳಿದೆ. ಓಡುವ ದೃಶ್ಯ ಆಫೀಸಿನಲ್ಲಿ, ಬೇರೆ ದಿನ — ಎರಡನ್ನೂ ಜೋಡಿಸುತ್ತಾರೆಂದು ಆಕೆಗೆ ಹೇಗೆ ತಿಳಿಯಬೇಕು? ಸಿನಿಮಾದವರು ಬರುತ್ತಾರೆಂದು ತಮ್ಮ ಹೆಸರಿನ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದರು. ಇಡೀ ಯೂನಿಟ್ಟಿಗೆ ಬಡಿಸಿದರು. ಕ್ಯಾಮೆರಾ ಇಡುವ ಮುನ್ನ ಆರ್ಟ್ ಅಸಿಸ್ಟೆಂಟ್ ಬಂದು ಕೇಳಿದ: “ಮೇಡಂ, ಬೋರ್ಡ್ ಮೇಲೆ ಬೇರೆ ಹೆಸರು ಅಂಟಿಸ್ಬಿಡ್ಲಾ? ಪಾಪ, ನಿಜವಾದ ಮೆಸ್ಸು ಇದು.”

“ಇರಲಿ ಬಿಡು. ಇಟ್ ಲುಕ್ಸ್ ಸೋ ರಿಯಲ್,” ಎಂದೆ.

ಸಿನಿಮಾ ಚೆನ್ನಾಗಿ ಓಡಿತು. ಆಮೇಲೆ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗರು ಮೆಸ್ಸಿನ ಮುಂದೆ ಬೈಕ್ ನಿಲ್ಲಿಸತೊಡಗಿದರು. ಊಟಕ್ಕಲ್ಲ, ಫೋಟೋಗೆ.

“ಅಕ್ಕಾ, ಮುದ್ದೆ ಜೊತೆ ಟಾಯ್ಲೆಟ್ ಫ್ರೀನಾ?”

“ಬೇಡ ಮಚ್ಚಾ, ಮಧ್ಯಾಹ್ನ ಮೀಟಿಂಗ್ ಇದೆ!”

ಮೊದಮೊದಲು ಲಕ್ಷ್ಮಕ್ಕನೂ ನಕ್ಕರಂತೆ. ದಿನಾ ಬರುತ್ತಿದ್ದವರೂ ಬೇರೆ ಕಡೆ ಹೋಗತೊಡಗಿದಾಗ ನಗು ನಿಂತಿತು. ಒಮ್ಮೆ ನಾನು ಅಲ್ಲಿದ್ದಾಗಲೇ ಹುಡುಗರು ಅದೇ ತಮಾಷೆ ತೆಗೆದರು. ಆಕೆ ನನ್ನ ಕೈ ಹಿಡಿದುಕೊಂಡರು.

“ನೀವಾದ್ರೂ ಯೋಳಿ ಮೇಡಂ ಈ ಉಡುಗ್ರಿಗೆ. ಅಷ್ಟು ಜನ ಉಂಡ್ರಲ್ಲ, ಒಬ್ರಿಗಾದ್ರೂ ಒಟ್ಟೆ ಕೆಡ್ತಾ?”

ಯಾರಿಗೂ ಕೆಟ್ಟಿರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ, ಮತ್ತೆ ಹಾಗೆ ಬರೆದವರು ಯಾರು ಎಂದು ಕೇಳುತ್ತಿದ್ದರು, ಆಗ ನಾನೇ ಎನ್ನಬೇಕಾಗುತ್ತಿತ್ತು. “ಅದೆಲ್ಲಾ ಡೈರೆಕ್ಟರ್ ಐಡಿಯಾ ಲಕ್ಷ್ಮಕ್ಕ. ಜನ ಮರೀತಾರೆ ಬಿಡಿ,” ಎಂದು ಆಟೊ ಹತ್ತಿದೆ.

ಜನ ಮರೆಯಲಿಲ್ಲ. ಆ ಊಟ, ಆ ಓಟ ಎರಡೂ ಫೋನಿನಿಂದ ಫೋನಿಗೆ ಹಾರುತ್ತಲೇ ಇದ್ದವು, ಬೋರ್ಡಿನ ಸಮೇತ. ಲಕ್ಷ್ಮಕ್ಕ ಈಗ ಮಾರತ್ತಹಳ್ಳಿಯ ಪಿಜಿಯೊಂದರಲ್ಲಿ ಅಡುಗೆಗಿದ್ದಾರೆ. ದಿನಾ ಏನು ಬೇಯಿಸಬೇಕೆಂದು ಓನರ್ ಹೇಳುತ್ತಾನೆ. ಕಳೆದ ವಾರ ಅಲ್ಲಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅತ್ತುಬಿಡುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಒಲೆ ಸಣ್ಣ ಮಾಡಿ, ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡರು.

“ನಂಗ್ಯಾಕ್ ಯೋಳ್ತೀರಾ ಮೇಡಂ? ನನ್ ಅಡ್ಗೆ ಎಂಗಿತ್ತು ಅಂತ ನಂಗ್ ಗೊತ್ತಿಲ್ವಾ? ನಕ್ಕೋರ್ಗೆ ಯೋಳಿ.”



ಆ ಸಿನಿಮಾ ನೋಡಿ ನೀವೂ ನಕ್ಕಿರಬಹುದು. ಲಕ್ಷ್ಮಕ್ಕನ ಊಟದಿಂದ ಯಾರಿಗೂ ಏನೂ ಆಗಿರಲಿಲ್ಲ. ಉಪ್ಪಿಟ್ಟು ಮಾರುವುದಕ್ಕೆ ಆ ಓಟವನ್ನು ನಾನು ಕಟ್ಟಿ ಬರೆದೆ. ಇನ್ನು ಯಾರು ಕೇಳಿದರೂ — ಯಾರೂ ಕೇಳದಿದ್ದರೂ — ನಾನು ಹೇಳುವುದು ಇದನ್ನೇ.