ಪರೀಕ್ಷೆ ಪಾಸಾದರೂ ತಡವಾದ ಡಬ್ಬಿ

ಕರ್ನಾಟಕದ ಕಡೆಯಿಂದ ಮಿರಜಿನ ಆಸ್ಪತ್ರೆಗಳಿಗೆ ಬರುವ ಜೈನ ರೋಗಿಗಳಿಗೆ ನಮ್ಮ ಧರ್ಮಶಾಲೆಯ ಅಡುಗೆಮನೆಯಿಂದ ಊಟದ ಡಬ್ಬಿ ಹೋಗುತ್ತದೆ. ಸಂಜೆಯ ಡಬ್ಬಿ ಸೂರ್ಯ ಮುಳುಗುವ ಮೊದಲು ರೋಗಿಯ ಕೈ ಸೇರಬೇಕು. ಮುಳುಗಿದ ಮೇಲೆ ಅವರಲ್ಲಿ ಹಲವರು ನೀರನ್ನೂ ಮುಟ್ಟುವುದಿಲ್ಲ. ಕಳೆದ ಡಿಸೆಂಬರಿನಲ್ಲಿ, ಡಬ್ಬಿ ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳುವ ಕೆಲಸವನ್ನು ಒಂದು ಸಾಫ್ಟ್‌ವೇರಿಗೆ ಒಪ್ಪಿಸಿದೆವು. ಅದನ್ನು ಬರೆದವಳು ಸಾಂಗಲಿಯಲ್ಲಿರುವ ನಮ್ಮ ಸಂಬಂಧಿಕರ ಮಗಳು. ಅದು ಓಡುವ ಸರ್ವರ್ ಕಂಪ್ಯೂಟರನ್ನು ನೋಡಿಕೊಳ್ಳುವವನು ನಾನು. ನನ್ನ ಶಾಲೆ ಏಳನೆಯ ಇಯತ್ತೆಗೆ ಮುಗಿದಿತ್ತು. ಸರ್ವರಿನ ವಿದ್ಯೆಯನ್ನು ಕೈಪಿಡಿಗಳಿಂದ ಕಲಿತೆ. ಕೈಪಿಡಿ ಹೇಳಿದ್ದನ್ನೂ ಮಾಡಿ ನೋಡದೆ ನಂಬಲಿಲ್ಲ.

ಆ ಹೊತ್ತಿಗೆ ರಾಯಬಾಗದ ಕಡೆಯ ಅಜ್ಜಿಯೊಬ್ಬರು ಸೊಂಟದ ಆಪರೇಶನ್ನಿಗೆ ಬಂದಿದ್ದರು. ಸಾಫ್ಟ್‌ವೇರು ಹೊತ್ತು ಹೇಳಿದ ಮೊದಲ ಸಂಜೆಯೇ ಅವರ ಡಬ್ಬಿ ಹೊತ್ತು ಮುಳುಗಿದ ಮೇಲೆ ತಲುಪಿತು. ಅವರು ಮುಚ್ಚಳ ತೆಗೆಯದೆ ಅದನ್ನು ಪಕ್ಕಕ್ಕೆ ಸರಿಸಿದರು. ಉಣ್ಣದ್ದರಿಂದ ಗುಳಿಗೆಯೂ ತಪ್ಪಿತು. ಇನ್ನೊಮ್ಮೆ ಹೀಗಾಗಬಾರದೆಂದು ಡಾಕ್ಟರರು ಬೆಳಿಗ್ಗೆ ಅವರ ಮಗಳಿಗೆ ಖಡಾಖಂಡಿತವಾಗಿ ಹೇಳಿದರು; ಮಗಳು ಬಂದು ನನಗೆ ಹೇಳಿದರು.

ನಾನು ಸಾಂಗಲಿಗೆ ಫೋನು ಮಾಡಿದೆ. ಸಾಫ್ಟ್‌ವೇರಿನ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಪ್ಯಾಕೇಜೊಂದು ಇರುತ್ತದೆ. ಅದನ್ನು ಓಡಿಸಿದರೆ, ಎಲ್ಲ ಸರಿಯಿದ್ದಲ್ಲಿ ಹಸಿರು ಬರುತ್ತದೆ, ತಪ್ಪಿದ್ದಲ್ಲಿ ಕೆಂಪು. ಎಲ್ಲವೂ ಹಸಿರಾಗಿದೆ, ಸ್ಕೂಟರಿನವನೇ ತಡಮಾಡಿರಬೇಕು ಎಂದು ಹುಡುಗಿ ಹೇಳಿದಳು. ಅವನು ಹೇಳಿದ ಹೊತ್ತಿಗೆ ಹೊರಟದ್ದನ್ನು ನಾನೇ ನೋಡಿದ್ದೆ.

"ಕಾಕಾ, ನಿಮಗ ಹಸಿರು ಬಣ್ಣದ ಮ್ಯಾಲೂ ಡೌಟ್ ಏನ್ರಿ?"

"ಬಣ್ಣದ ಮ್ಯಾಲ ಇಲ್ಲವ್ವಾ. ಹಚ್ಚಿದವರ ಮ್ಯಾಲ ಐತಿ."

ಮೊದಲು ಪ್ಯಾಕೇಜನ್ನೇ ಶಂಕಿಸಿದೆ. ಸರ್ವರಿನ ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿ ಅದರ ಆವೃತ್ತಿಯನ್ನು ಕೇಳಿದರೆ ಹಳೆಯದೊಂದರ ಸಂಖ್ಯೆ ಬಂತು. ಎಲ್ಲಿಂದ ಉತ್ತರಿಸುತ್ತಿದೆ ಎಂದು ಹುಡುಕಿದೆ. ಯಾರೋ ಹಿಂದೆ ಇಡೀ ಸರ್ವರಿಗೆಂದು ಹಾಕಿಟ್ಟ ಪ್ರತಿ ಅದು. ನಮ್ಮ ಫೋಲ್ಡರಿನಲ್ಲಿದ್ದ ಹೊಸ ಪ್ರತಿಯನ್ನು ಯಾರೂ ಮಾತಾಡಿಸಿರಲಿಲ್ಲ. ಹಳೆಯದನ್ನು ಬೇರೆ ಯಾವುದೂ ಆಶ್ರಯಿಸಿಲ್ಲವೆಂದು ಖಾತ್ರಿ ಮಾಡಿಕೊಂಡು ತೆಗೆದುಹಾಕಿದೆ, ಹೊಸದನ್ನು ಓಡಿಸಿದೆ. ಮತ್ತೆ ಹಸಿರು. ಪ್ಯಾಕೇಜು ನಿರಪರಾಧಿಯೆಂದು ಒಪ್ಪಬೇಕಾಯಿತು. ನನಗೆ ಅದು ಸಂತೋಷದ ಸಂಗತಿಯಾಗಿರಲಿಲ್ಲ.

ಇನ್ನು ಉಳಿದದ್ದು ಅವಳು ಬರೆದ ಪರೀಕ್ಷೆ. ಆ ಫೈಲನ್ನು ತೆರೆದು ಓದಿದೆ. ಸೂರ್ಯ ಏಳು ಗಂಟೆಗೆ ಮುಳುಗುತ್ತಾನೆ, ಡಬ್ಬಿ ಆರಕ್ಕೆ ಹೊರಟರೆ ಸರಿ ಎಂದು ಅಲ್ಲಿತ್ತು. ಸಾಫ್ಟ್‌ವೇರೂ ಏಳು ಎನ್ನುತ್ತಿತ್ತು, ಪರೀಕ್ಷೆಯೂ ಏಳು ಎನ್ನುತ್ತಿತ್ತು. ಇಬ್ಬರು ಸಾಕ್ಷಿಗಳಿಗೂ ಹೇಳಿಕೊಟ್ಟವಳು ಒಬ್ಬಳೇ. ಡಿಸೆಂಬರಿನ ಮಿರಜಿನಲ್ಲಿ ಸೂರ್ಯ ಆರರ ಆಚೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಏಳನ್ನು ಅಳಿಸಿ ಆರು ಬರೆದು ಓಡಿಸಿದೆ. ಕೆಂಪು ಬಂತು. ಬೆಳಗಿನಿಂದ ಆ ಯಂತ್ರ ಹೇಳಿದ ಮೊದಲ ನಿಜ ಅದು.

ಏಳು ಎಲ್ಲಿಂದ ಬಂತೆಂದು ಅವಳನ್ನು ಕೇಳಿದೆ.

"ನಮ್ಮ ಆಜಿ ಏಳರ ಒಳಗ ಊಟಾ ಮುಗಸ್ತಿದ್ಳರಿ. ನಾ ಕಣ್ಣಾರೆ ನೋಡೇನಿ."

"ನೀ ಆಜಿ ಊರಿಗೆ ಹೋಗತಿದ್ದದ್ದು ಯಾವಾಗ?"

"ಮೇ ತಿಂಗಳ ಸೂಟಿಗೆ."

"ಹಂಗಾರ ಡಿಸೆಂಬರದಾಗ ಆಜಿ ಉಪಾಸ ಇರ್ತಿದ್ಳೇನು?"

ಅವಳು ಆಯಾ ದಿನದ ಸೂರ್ಯಾಸ್ತವನ್ನು ಲೆಕ್ಕ ಹಾಕುವಂತೆ ಮಧ್ಯಾಹ್ನದೊಳಗೆ ಸಾಫ್ಟ್‌ವೇರನ್ನು ತಿದ್ದಿ ಕಳಿಸಿದಳು, ಜೊತೆಗೆ ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ಪರೀಕ್ಷೆ. ಓಡಿಸಿದೆ, ಎರಡೂ ಹಸಿರು. ಐದಕ್ಕೆ ಡಬ್ಬಿ ಹೊರಟಿತು. ನಾನೂ ಸ್ಕೂಟರಿನ ಹಿಂದೆ ಕೂತು ಹೋದೆ.

ವಾರ್ಡಿನಲ್ಲಿ ಅಜ್ಜಿ ಡಬ್ಬಿಯನ್ನು ಮುಟ್ಟಲಿಲ್ಲ. ಇನ್ನೂ ಹೊತ್ತಿದೆ, ಕಂಪ್ಯೂಟರೇ ಲೆಕ್ಕ ಹಾಕಿ ಕಳಿಸಿದೆ ಎಂದು ಮಗಳು ತಿಳಿಸಿ ಹೇಳಿದರು. ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು.

"ಮೊದಲ ಆ ಲೈಟ್ ಬಂದ್ ಮಾಡು," ಎಂದರು ಅಜ್ಜಿ.

ಮಗಳು ಆರಿಸಿದರು. ಕಿಟಕಿಯ ಬೆಳಕು ಹಾಸಿಗೆಯ ಮೇಲೆ ಉಳಿಯಿತು. ಅಜ್ಜಿ ಅದಕ್ಕೆ ಅಂಗೈ ಹಿಡಿದು ಗೆರೆಗಳನ್ನು ನೋಡಿಕೊಂಡರು. ದೀಪವಿಲ್ಲದೆ ಗೆರೆ ಕಂಡರೆ ಉಣ್ಣಲು ಇನ್ನೂ ಹೊತ್ತಿದೆಯೆಂದು ಹಳಬರ ಲೆಕ್ಕ. ಆಮೇಲೆ ಮುಚ್ಚಳ ತೆಗೆದು ರೊಟ್ಟಿ ಮುರಿದರು. ಉಂಡು ಗುಳಿಗೆಯನ್ನೂ ನುಂಗಿದರು. ಪಲ್ಯಕ್ಕೆ ಉಪ್ಪು ಸಾಲದು ಎಂದು ನನಗೆ ಹೇಳಿದರು. ಅಡುಗೆಯವರಿಗೆ ತಿಳಿಸುವುದಾಗಿ ಒಪ್ಪಿಕೊಂಡೆ.