ಅವ್ವನ ಅರ್ಧ ಪಾಲು

ಅವ್ವನ ಗುಂಪಿನ ಮೇಸ್ತ್ರಿಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನವಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಎಂಟು ಹೆಂಗಸರ ಗುಂಪು ಅದು. ಮೇಸ್ತ್ರಿಯೂ ಆ ಎಂಟರಲ್ಲೊಬ್ಬಳು. ಗುತ್ತಿಗೆ ಮಾತಾಡಿ, ಹಣ ಇಸಿದುಕೊಂಡು ಹಂಚುವವಳು ಆಕೆ, ಅದಕ್ಕಾಗಿ ಆಕೆಗೆ ಒಂದೂವರೆ ಪಾಲು. ಸಿಹಿಯಾಗಿ ಮಾತಾಡುವವರನ್ನು ನಾನು ನಂಬುವುದಿಲ್ಲ. ಆಕೆಯದಂತೂ ಬೆಲ್ಲದ ಬಾಯಿ.

ನಾನಾಗ ಗಂಗಾವತಿಯಲ್ಲಿ ಬಿ.ಎಡ್ ಓದುತ್ತಿದ್ದೆ. ಪಾಠದ ಅಭ್ಯಾಸಕ್ಕೆ ಬೀಜಗಣಿತ ಬಂದಿತ್ತು: ಹಣವನ್ನು ಹೆಚ್ಚುಕಡಿಮೆಯಾಗಿ ಹಂಚುವ ಲೆಕ್ಕಗಳು. ಪುಸ್ತಕದ ಅಣ್ಣತಮ್ಮಂದಿರು ಬೇಸರವಾಗಿ ಅವ್ವನ ಗುಂಪನ್ನೇ ಹಿಡಿದುಕೊಂಡೆ. ಅಂದಿನ ಗುತ್ತಿಗೆ ನಾಲ್ಕು ಸಾವಿರ. ಒಂದು ಪಾಲು ಎಕ್ಸ್ ಅಂದರೆ ಏಳು ಜನರದು ಏಳು ಎಕ್ಸ್, ಮೇಸ್ತ್ರಿಯದು ಒಂದೂವರೆ. ಭಾಗಿಸಿದರೆ ನಾನೂರ ಎಪ್ಪತ್ತು ರೂಪಾಯಿ, ಮೇಲೆ ಚಿಲ್ಲರೆ ಪೈಸೆ. ಗದ್ದೆಯಲ್ಲಿ ಪೈಸೆ ಹಂಚುವವರು ಯಾರು?

"ನಿನಗ ಎಷ್ಟ ಬಂತವ್ವಾ?" ಎಂದೆ.

"ಎರಡ್ನೂರ ಐವತ್ತು."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕಾಲೇಜಿನ ಫೀ ಹೋಗುತ್ತಿದ್ದುದು ಆ ದುಡ್ಡಿನಿಂದ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

"ನಾಳೆ ಆಕಿನ್ನ ಕೇಳೇ ಬಿಡ್ತೀನಿ."

"ಬ್ಯಾಡವಾ, ಸುಮ್ನಿರು. ಆಕಿ ಮೋಸ ಮಾಡಾಕಿ ಅಲ್ಲ," ಎಂದು ಅವ್ವ ಒಲೆಯ ಕಡೆ ಮುಖ ತಿರುಗಿಸಿದಳು. ಮೇಸ್ತ್ರಿ ಹೆದರಿಸಿಟ್ಟಿದ್ದಾಳೆ ಎಂದುಕೊಂಡೆ.

ಪಕ್ಕದ ಮನೆಯಾಕೆಯೂ ಅದೇ ಗುಂಪಿನವಳು. ಹೋಗಿ ಕೇಳಿದೆ. ಆಕೆಗೆ, ಉಳಿದವರಿಗೂ, ತಲೆಗೆ ಐನೂರು ಬಂದಿತ್ತು. ಹಾಗಾದರೆ ಎಕ್ಸ್ ಐನೂರು. ಆರು ಜನಕ್ಕೆ ಮೂರು ಸಾವಿರ, ಮೇಸ್ತ್ರಿಗೆ ಏಳುನೂರ ಐವತ್ತು. ಉಳಿದದ್ದು ಎರಡುನೂರ ಐವತ್ತು, ಅದು ಅವ್ವನ ಕೈ ಸೇರಿತ್ತು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ನಾನು ಬಿಡಲಿಲ್ಲ, ಎರಡು ಸಲ ಕೂಡಿ ನೋಡಿದೆ. ಅವ್ವನದು ಅರ್ಧ ಎಕ್ಸ್.

ಅರ್ಧ ಪಾಲು ಯಾರಿಗೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾಲಿನಲ್ಲಿ ಬಗ್ಗಿ ಸಸಿ ಹಚ್ಚುವವರಿಗೆ ಪೂರ್ತಿ ಪಾಲು. ಬದುವಿನ ಮೇಲೆ ನಿಂತು ಸಸಿಯ ಕಟ್ಟು ಎಸೆದುಕೊಡುವವರಿಗೆ ಅರ್ಧ. ಅದು ಬಗ್ಗಲಾರದವರ ಕೆಲಸ.

ಆದರೆ ಅವ್ವ ದಿನಾ ಮೊಣಕಾಲ ತನಕ ಕೆಸರು ಮಾಡಿಕೊಂಡೇ ಬರುತ್ತಿದ್ದಳಲ್ಲ!

ಮರುದಿನ ಸಂಜೆ ಬಾಗಿಲಲ್ಲೇ ಕೂತಿದ್ದೆ. ಅವ್ವ ಬಂದಳು, ಕಾಲ ತುಂಬ ಕೆಸರು. ಕೈ ನೋಡಿದೆ. ದಿನವಿಡೀ ನಾಟಿ ಮಾಡಿದ ಕೈಬೆರಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತವೆ. ಅವ್ವನ ಬೆರಳು ಒಣಗಿದ್ದವು.

"ನಡ ಯಾವಾಗಿಂದ ಹಿಡದೈತಿ?" ಎಂದೆ.

ಅವ್ವ ಬಾಗಿಲ ಚೌಕಟ್ಟಿಗೆ ಒರಗಿದಳು. "ನೀ ಸಾಲಿ ಬಿಟ್ಟುಗಿಟ್ಟೀ ಅಂತ ಹೇಳಲಿಲ್ಲವಾ."

ನನಗೆ ಅಳು ತಡೆಯಲಾಗಲಿಲ್ಲ. ಚೆಂಬು ತಂದು, ಮನೆಗೆ ಬರುವ ಮುಂಚೆ ಆಕೆ ತಾನೇ ಮೆತ್ತಿಕೊಂಡಿದ್ದ ಆ ಕೆಸರನ್ನು ತೊಳೆದೆ.