ಆರನೆಯ ಕಾಲು

ಸವಣೂರಿನಲ್ಲಿ ಮಧ್ವೇಶ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಹುಳದ ಮಾಸ್ತರರ ಮನಿ’ ಅಂದರೆ ಟಾಂಗಾದ ಕುದುರೆ ಕೂಡ ತಾನಾಗಿಯೇ ತಿರುಗುತ್ತಿತ್ತು. ಅವರ ಅಜ್ಜ ನ್ಯಾಯಶಾಸ್ತ್ರದಲ್ಲಿ ಮೂರು ಜಿಲ್ಲೆಯ ಪಂಡಿತರ ಬಾಯಿ ಮುಚ್ಚಿಸಿದವರು. ಮೊಮ್ಮಗ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹಲಗೆಯ ಮೇಲೆ ಬದನೆಕಾಯಿ ಬರೆದು ಬರೆದು ಅರ್ಧ ಆಯುಷ್ಯ ಕಳೆದಿದ್ದರು. ಅಜ್ಜನ ಫೋಟೋದ ಎದುರು ನಿಂತಾಗಲೆಲ್ಲ ಅವರಿಗೆ ಆ ಬದನೆಕಾಯಿ ಗಂಟಲಲ್ಲಿ ಸಿಕ್ಕಂತಾಗುತ್ತಿತ್ತು.

ಎಪ್ಪತ್ನಾಲ್ಕರ ಶ್ರಾವಣದಲ್ಲಿ ರದ್ದಿ ಅಂಗಡಿಯ ಮಲ್ಲಿಕಸಾಬ ಅವರ ಕೈಗೆ ಹನ್ನೊಂದು ಹಾಳೆ ಕೊಟ್ಟ. ಯಾವುದೋ ಕಾಲದ ಸಾಹೇಬರ ಬಂಗಲೆಯ ಹರಾಜಿನಿಂದ ಬಂದವು. ಹತ್ತು ಅಚ್ಚು ಹಾಕಿದವು: ಮಿಡತೆ, ಚಿಟ್ಟೆ, ದುಂಬಿ. ಹನ್ನೊಂದನೆಯದು ಮಾತ್ರ ಕೈಯಿಂದಲೇ ಬರೆದು ಬಣ್ಣ ತುಂಬಿದ ಜೀರಂಗಿ. ಬೆನ್ನ ಮೇಲಿನ ಹಸಿರು ನೂರು ವರ್ಷದ ಮೇಲೂ ಹೊಸ ಇಳಕಲ್ ಸೀರೆಯ ಹಾಗೆ ಮಿರಮಿರ ಮಿಂಚುತ್ತಿತ್ತು.

“ಈ ಹಾಳ್ಯಾಗ ಖಾರಾ ಕಟ್ಟಿಕೊಟ್ರ ಗಿರಾಕಿ ತಿನ್ನೂದ ಬಿಟ್ಟು ಹುಳಾ ಆರಸಾಕತ್ತಾರ್ರಿ ಮಾಸ್ತರ, ನೀವ ಒಯ್ರಿ,” ಅಂದ ಮಲ್ಲಿಕಸಾಬ.

ಮಾಸ್ತರರು ಒಯ್ದರು, ತಾವೇ ಕಪ್ಪು ಕಾಗದದ ಅಂಚು ಅಂಟಿಸಿ ಗಾಜಿನ ಚೌಕಟ್ಟು ಹಾಕಿಸಿದರು. ಜೀರಂಗಿಯ ಹಾಳೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನ ಸಣ್ಣ ಸಾಲೊಂದಿತ್ತು. ಯಾರದೋ ವಿಳಾಸವಿದ್ದೀತು ಎಂದು ಅದನ್ನು ಅಂಚಿನಡಿ ಮುಚ್ಚಿಬಿಟ್ಟರು. ಅಂದಿನಿಂದ ಮನೆಗೆ ಬಂದವರಿಗೆ ಮೊದಲು ಉಪನ್ಯಾಸ, ಆಮೇಲೆ ಚಹಾ. ಕೆಲವರು ಚಹಾದ ಆಸೆಯನ್ನೇ ಬಿಟ್ಟರು. ಶಾಲೆಯಲ್ಲೂ ಹುಳಗಳ ರಾಜ್ಯಭಾರ ಶುರುವಾಯಿತು. ಹತ್ತಿಮತ್ತೂರಿನ ಯಂಕವ್ವ ಎಂಬ ಹುಡುಗಿ ಒಮ್ಮೆ ಐದು ಕಾಲಿನ ಮಿಡತೆ ಬರೆದು ತಂದಳು.

“ಹುಳಕ್ಕ ಎಷ್ಟ ಕಾಲವಾ?”

“ಆರ್ರಿ ಸರ. ನಾ ಹಿಡದಿದ್ದಕ್ಕ ಐದ ಇದ್ದೂವ್ರಿ.”

“ಅದು ಆ ಮಿಡಚೀ ತಪ್ಪು. ನೀ ಸರಿ ಬರೀಬೇಕಿತ್ತು,” ಎಂದು ಮಾಸ್ತರರು ಎರಡು ಅಂಕ ಕಳೆದರು.

ಎಪ್ಪತ್ತೊಂಬತ್ತರಲ್ಲಿ ಧಾರವಾಡದ ಕಾಲೇಜೊಂದು ಹಳೆಯ ಕೀಟಚಿತ್ರಗಳ ಪ್ರದರ್ಶನ ಇಡುವುದೆಂದು ಗೊತ್ತಾಯಿತು. ಮಾಸ್ತರರು ನಾಲ್ಕು ಪುಟದ ಪತ್ರ ಬರೆದರು. ಪ್ರಾಣಿಶಾಸ್ತ್ರದ ಪ್ರೊಫೆಸರ್ ಪ್ರಹ್ಲಾದರಾವ್ ಒಂದೇ ಕಾರ್ಡಿನಲ್ಲಿ ಉತ್ತರ ಕೊಟ್ಟರು: ಕೈಯಿಂದ ಬರೆದ ಆ ಜೀರಂಗಿಯೊಂದನ್ನೇ ನೋಡಬೇಕು, ಅಚ್ಚಿನವು ನಮ್ಮಲ್ಲಿಯೂ ಇವೆ, ಮುಂದಿನ ತಿಂಗಳು ಬರುತ್ತೇನೆ. ಕಾರ್ಡು ಮಾಸ್ತರರ ಜೇಬಿನಲ್ಲಿ ಊರೆಲ್ಲ ತಿರುಗಿತು. ಚಿತ್ರದ ಕೆಳಗೆ ಇಡಬೇಕಾದ ಚೀಟಿಯನ್ನೂ ಅವರೇ ದುಂಡಗೆ ಬರೆದಿಟ್ಟರು: ‘ಸಂಗ್ರಹ: ಮಧ್ವೇಶಾಚಾರ್ಯ, ಸವಣೂರು’. ಆಚಾರ್ಯ ಎಂಬುದು ಅಜ್ಜನ ಜೊತೆಗೇ ಹೋಗಿತ್ತು. ಚೀಟಿಗಾಗಿ ತಿರುಗಿ ಬಂತು.

ಪ್ರೊಫೆಸರರು ಬರುವುದಕ್ಕೆ ವಾರವಿದ್ದಾಗ ತಾಯಿ ಯಮುನಾಬಾಯಿ ಮಡಿನೀರು ತರುವಾಗ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದರು. ಬಲಗಾಲಿಗೆ ಪಟ್ಟಿ ಬಿತ್ತು. ಪಡಸಾಲೆಯಲ್ಲಿ ಮಲಗಿದವರ ಕಣ್ಣೆದುರಿಗೆ ಗೋಡೆ, ಗೋಡೆಯ ಮೇಲೆ ಜೀರಂಗಿ. ಮಾಡಲು ಬೇರೆ ಕೆಲಸವಿಲ್ಲದೆ ಅವರು ಎಣಿಸಿದರು.

“ಮಧ್ವೇಶಾ, ಇದಕ್ಕ ಐದ ಕಾಲವ.”

ಐದು ವರ್ಷ ಅದರ ಮೇಲೆ ಉಪನ್ಯಾಸ ಕೊಟ್ಟ ಮಾಸ್ತರರು ಅಂದೇ ಮೊದಲು ಎಣಿಸಿದ್ದು. ಹೌದು, ಹಿಂದಿನ ಬಲಗಾಲು ಇರಲಿಲ್ಲ.

“ಭಿನ್ನ ಆದದ್ದು ಮನ್ಯಾಗ ಇಡಬಾರದಪಾ. ಹೊಳಿಗೆ ಬಿಟ್ಟ ಬಾ.”

“ಅವ್ವಾ, ಭಿನ್ನ ಅಂಬೂದು ದೇವರ ಮೂರ್ತಿಗೆ. ಇದು ಹುಳಾ!”

“ಗ್ವಾಡಿಗೆ ಏರಿಸೀದಿ, ಗ್ಲಾಸ್ ಹಾಕೀದಿ, ಬಂದಬಂದವರಿಗೆ ದರ್ಶನ ಮಾಡಸ್ತಿ. ಇನ್ನ ಮಂಗಳಾರತಿ ಒಂದ ಉಳದದ. ನೋಡು, ಅದರ ಬಲಗಾಲ ಇಲ್ಲ, ನನ್ನ ಬಲಗಾಲೂ ಹೋತು.”

ಮಾಸ್ತರರು ನಕ್ಕರು. ಆದರೆ ತಾಯಿ ರಾತ್ರಿಯ ಊಟ ಬಿಟ್ಟರು, ಮರುದಿನದ್ದೂ ಬಿಟ್ಟರು. ನಗು ನಿಂತಿತು. ಹೊಳೆಗೆ ಬಿಟ್ಟರೆ ಧಾರವಾಡ ಹೋಗುತ್ತದೆ, ಬಿಡದಿದ್ದರೆ ತಾಯಿ. ಜೊತೆಗೆ ಇನ್ನೊಂದು ಕಸಿವಿಸಿ: ಅಷ್ಟು ದೊಡ್ಡ ವಿದ್ವಾಂಸರ ಎದುರು ಕುಂಟು ಹುಳ ಇಡುವುದೇ? ಪಾಪ, ಬರೆದವನು ಅವಸರದಲ್ಲಿ ಮರೆತಿರಬೇಕು. ಮರೆತದ್ದನ್ನು ತಿದ್ದುವುದಕ್ಕೆ ತಾನೆ ಮಾಸ್ತರ ಇರುವುದು?

ರವಿವಾರ ಚೌಕಟ್ಟಿನ ಗಾಜು ತೆಗೆದು, ಮೂರು ಕೂದಲಿನ ಕುಂಚ ಹಿಡಿದು, ಉಸಿರು ಕಟ್ಟಿ ಆರನೆಯ ಕಾಲು ಬರೆದರು. ಚಲೋ ಬಂತು. ಯಮುನಾಬಾಯಿ ಎರಡು ಸಲ ಎಣಿಸಿ, ಎದ್ದು ಕೂತು, ಮೊಸರನ್ನ ಉಂಡರು.

ಮರುದಿನ ಪ್ರೊಫೆಸರರು ಯಲವಿಗಿಯಲ್ಲಿ ರೈಲಿಳಿದು ಬಸ್ಸಿನಲ್ಲಿ ಬಂದರು. ಸಣ್ಣ ಆಳು, ದಪ್ಪ ಗಾಜಿನ ಚಾಳೀಸು. ಉಪನ್ಯಾಸ ಬೇಡವೆಂದು ಕೈಯೆತ್ತಿ, ಜೀರಂಗಿಯ ಮುಂದೆ ಬಹಳ ಹೊತ್ತು ನಿಂತರು. ಅವರ ಮುಖ ಅರಳಿದ್ದನ್ನು ಮಾಸ್ತರರು ಕಂಡರು. ಆಮೇಲೆ ಅವರು ಭೂತಗನ್ನಡಿ ತೆಗೆದರು.

“ಇದನ್ನ ಚೌಕಟ್ಟಿನಿಂದ ತಗೀಬಹುದೇನ್ರಿ?”

ತೆಗೆದರು. ಬೆಳಕಿಗೆಂದು ಹೊರಗಿನ ಕಟ್ಟೆಗೆ ಒಯ್ದು ಕಪ್ಪು ಅಂಚನ್ನು ಮೆಲ್ಲಗೆ ಎಬ್ಬಿಸಿದಾಗ ಪೆನ್ಸಿಲಿನ ಸಾಲು ಹೊರಬಂತು. ಪ್ರೊಫೆಸರರು ಓದಿ ಕನ್ನಡದಲ್ಲಿ ಹೇಳಿದರು: “ಹಾನಗಲ್ಲ ಹತ್ತರ ಸಿಕ್ಕದ್ದು. ಹಿಂದಿನ ಬಲಗಾಲು ಇರಲಿಲ್ಲ. ಇದ್ದ ಹಂಗ ಬರದೇನಿ.”

ಭೂತಗನ್ನಡಿಯನ್ನು ಮತ್ತೆ ಆರನೆಯ ಕಾಲಿನ ಮೇಲೆ ಹಿಡಿದರು.

“ಯಾರೋ ಆಮ್ಯಾಲೆ ಕಾಲ ಹಚ್ಯಾರ,” ಅಂದರು ಪ್ರೊಫೆಸರರು. “ಬಣ್ಣದ ವಾಸನಿ ಇನ್ನೂ ಹೋಗಿಲ್ಲ.” ಮಾಸ್ತರರ ಉಗುರಿನ ಸಂದಿಯ ಕಪ್ಪಿನತ್ತ ಒಮ್ಮೆ ನೋಡಿ ಕಣ್ಣು ತೆಗೆದರು. “ಕೈ ಮಾತ್ರ ಚಲೋ ಅದ್ರಿ.”

ಮಾಸ್ತರರಿಗೆ ಅಜ್ಜನ ನೆನಪಾಗಲಿಲ್ಲ. ಎರಡು ಅಂಕ ಕಳೆದುಕೊಂಡು ಅಳದೆ ನಿಂತಿದ್ದ ಯಂಕವ್ವ ನೆನಪಾದಳು.

ಪ್ರೊಫೆಸರರು ಚಹಾ ಕುಡಿದು, ಯಮುನಾಬಾಯಿಯವರ ಕಾಲು ವಿಚಾರಿಸಿ, ಬರಿಗೈಯಲ್ಲಿ ಹೋದರು. ಮಾಸ್ತರರು ಹತ್ತಿ ಒದ್ದೆ ಮಾಡಿ ಆರನೆಯ ಕಾಲಿನ ಮೇಲೆ ಒತ್ತಿದರು. ಹತ್ತಿಯಲ್ಲಿ ತಾವು ಹಚ್ಚಿದ ಕಪ್ಪು ಬಣ್ಣ ಬಂತು. ಅದರ ಹಿಂದೆಯೇ ಆ ಹಳೆಯ ಹಸಿರೂ ಬರತೊಡಗಿತು. ಕೈ ತೆಗೆದರು.

“ಯಾಕೋ, ಒಯ್ಯಲಿಲ್ಲೇನು ಅವರು?” ಯಮುನಾಬಾಯಿ ಹಾಸಿಗೆಯಿಂದ ಕೇಳಿದರು.

“ಇಲ್ಲವ್ವ. ಭಿನ್ನ ಆಗೇದಂತ.”

“ಅವರಿಗೆ ಎಣಸಲಿಕ್ಕೆ ಬರೂದಿಲ್ಲೇನು? ನಾ ಎಣಸೇನಿ, ಆರ ಅವ!”

ನಿನ್ನಿಂದಲೇ ಆದದ್ದು ಎಂಬ ಮಾತು ಮಾಸ್ತರರ ನಾಲಗೆಯ ತುದಿಗೆ ಬಂತು. ಆದರೆ ಕುಂಚ ಹಿಡಿದದ್ದು ತಾಯಿಯಲ್ಲ. “ಹೌದವ್ವ, ಆರ ಅವ,” ಎಂದು ಜೀರಂಗಿಯನ್ನು ಮೊದಲಿನ ಮೊಳೆಗೇ ತೂಗುಹಾಕಿದರು. ಚೀಟಿಯನ್ನು ಹರಿಯುವ ಮೊದಲು ‘ಆಚಾರ್ಯ’ವನ್ನಷ್ಟೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು, ಮಾಸ್ತರಿಕೆ ಅಷ್ಟು ಬೇಗ ಬಿಡುವುದಲ್ಲ.